ಮೂರು ಅಂಗುಲದ ಎತ್ತರ

ನನ್ನ ಅಕ್ಕನನ್ನು ಕೊಟ್ಟಿರುವುದು ಕುಂಬಾರವಾಡದ ಕಡೆಗೆ. ಜೋಯಿಡಾದಿಂದ ಅಣಶಿಯ ಮಾರ್ಗವಾಗಿ ಕಾರವಾರಕ್ಕೆ ಇಳಿಯುವ ದಾರಿಯಲ್ಲಿ ಈ ಊರು ಸಿಕ್ಕುತ್ತದೆ. ಹೆಸರಿನಲ್ಲಿ ಕುಂಬಾರನಿದ್ದಾನೆ, ಊರಿನಲ್ಲಿ ನಾನು ಕಂಡದ್ದು ಮಾತ್ರ ಕಾಡು, ಗದ್ದೆ, ಅಡಿಕೆಯ ತೋಟ, ಮತ್ತು ವರ್ಷದಲ್ಲಿ ನಾಲ್ಕು ತಿಂಗಳು ಎಡೆಬಿಡದ ಮಳೆ. ಡಾಂಬರಿನ ಹೆದ್ದಾರಿಯೇನೋ ಉಂಟು. ಆದರೆ ಜನ ವಾಸಿಸುವುದು ಹೆದ್ದಾರಿಯ ಮೇಲಲ್ಲವಷ್ಟೆ. ಅಲ್ಲಿಂದ ಎಡಕ್ಕೂ ಬಲಕ್ಕೂ ಕವಲೊಡೆದು ಹೋಗುವ ಕೆಮ್ಮಣ್ಣಿನ ದಾರಿಗಳ ತುದಿಯಲ್ಲಿ ಒಂದೆರಡು ಮನೆ, ಇನ್ನೊಂದು ಗುಡ್ಡದಾಚೆ ಮತ್ತೆ ನಾಲ್ಕು ಮನೆ, ಹೀಗೆ ಹರಡಿಕೊಂಡಿರುವ ನಾಡು ಅದು. ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ತಾಲ್ಲೂಕಿನ ಹಳೆಯ ಪೇಟೆಯಾದ ಸೂಪಾ 1987ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅಂದಮೇಲೆ ಔಷಧಿಗಾಗಲಿ ಅರ್ಜಿಗಾಗಲಿ ಜೋಯಿಡಾದ ದಾರಿಯನ್ನೇ ಹಿಡಿಯಬೇಕು.

ಇಂಥ ಊರಿನಲ್ಲಿ ಜೀಪು ಎಂಬುದು ವಿಲಾಸದ ವಸ್ತುವಲ್ಲ. ನನ್ನ ಸೋದರಳಿಯನ ಬಳಿ ಒಂದು ಹಳೆಯ ಮಹೀಂದ್ರ ಜೀಪು ಇದೆ. ಅಡಿಕೆಯ ಚೀಲ, ಪಡಿತರದ ಅಕ್ಕಿ, ಮದುವೆಯ ದಿಬ್ಬಣ, ಹೆರಿಗೆಯ ನೋವು, ಹಾವಿನ ಕಡಿತ, ಇವೆಲ್ಲವೂ ಅದರ ಮೇಲೆಯೇ ಸಾಗಬೇಕು. ಜೀಪಿನ ವಂಶವೃಕ್ಷವನ್ನು ನೋಡಿದರೆ ಅದು ಯುದ್ಧದ ಕೂಸು. 1941ರಿಂದ ಅಮೆರಿಕದ ವಿಲ್ಲಿಸ್ ಕಾರಖಾನೆ ಸೈನ್ಯಕ್ಕಾಗಿ ಅದನ್ನು ತಯಾರಿಸಿತು. 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರದವರು ಅದರ ಬಿಡಿಭಾಗಗಳನ್ನು ತರಿಸಿ ಜೋಡಿಸಲಾರಂಭಿಸಿದರು. ಸೈನಿಕರಿಗಾಗಿ ಹುಟ್ಟಿದ ಗಾಡಿ ನಮ್ಮ ಮಲೆನಾಡಿನಲ್ಲಿ ರೈತನ ಗಾಡಿಯಾಗಿ ನೆಲೆಸಿತು. ಇಂದಿಗೂ ಕೊಡಚಾದ್ರಿಯ ನೆತ್ತಿಗೆ ಯಾತ್ರಿಕರನ್ನು ಹೊತ್ತೊಯ್ಯುವುದು, ಮಡಿಕೇರಿಯ ಬಳಿ ಮಾಂದಲಪಟ್ಟಿಯ ಕಲ್ಲುಗಳನ್ನು ತುಳಿಯುವುದು ಇದರ ಸಂತತಿಯೇ.

ಈ ಜೀಪನ್ನು ನನ್ನ ಅಳಿಯ ಎರಡು ವರ್ಷದ ಹಿಂದೆ ಎತ್ತರಿಸಿದ. ಆ ಎತ್ತರದ ಕಥೆಯನ್ನೇ ನಾನೀಗ ಹೇಳಹೊರಟಿರುವುದು. ಕನ್ನಡದ ಅಧ್ಯಾಪಕನಿಗೆ ಈ ಅಧಿಕಪ್ರಸಂಗವೇಕೆ ಎಂದು ವಾಚಕರು ಕೇಳಬಹುದು. ತರಗತಿಯಲ್ಲಿ ಕರ್ಣಾವಸಾನವನ್ನು ಪಾಠ ಹೇಳುವವನು ನಾನು. ಚಕ್ರ ಹೂತುಹೋದ ರಥದ ವಿಷಯದಲ್ಲಿ ನನಗೆ ಸ್ವಲ್ಪ ಅಧಿಕಾರವುಂಟೆಂದೇ ಭಾವಿಸಿದ್ದೇನೆ.

ಅಳಿಯನ ಕಷ್ಟ ಕಾಲ್ಪನಿಕವಾಗಿರಲಿಲ್ಲ. ಮಳೆಗಾಲದಲ್ಲಿ ಲಾರಿಗಳು ಓಡಾಡಿ ದಾರಿಯ ನಡುವೆ ಏರಿಯೊಂದು ಎದ್ದು, ಎರಡು ಕಡೆಗೂ ಚಕ್ರದ ಜಾಡು ಆಳವಾಗುತ್ತದೆ. ಆ ಏರಿಯ ಮೇಲೆ ಜೀಪಿನ ಹೊಟ್ಟೆ ಕೂತುಬಿಟ್ಟರೆ ನಾಲ್ಕು ಚಕ್ರಗಳೂ ಗಾಳಿಯಲ್ಲಿಯೋ ಕೆಸರಿನಲ್ಲಿಯೋ ವ್ಯರ್ಥವಾಗಿ ತಿರುಗುತ್ತವೆ. "ಮಾಮಾ, ಮೂರೇ ಮೂರು ಅಂಗುಲ ಎತ್ತರ ಸಿಕ್ಕರೆ ಸಾಕು, ನಮ್ಮ ದಾರಿಯಲ್ಲಿ ನಾನು ರಾಜ" ಎಂದು ಅವನು ಹೇಳುತ್ತಿದ್ದ. ಪೇಟೆಯ ಒಂದು ಗ್ಯಾರೇಜಿನವರು ಅದನ್ನು ಒಂದೇ ದಿನದಲ್ಲಿ ಮಾಡಿಕೊಟ್ಟರು. ಉದ್ದದ ಶ್ಯಾಕಲ್ಲುಗಳು ಬಂದವು, ಅಗಲದ ದೊಡ್ಡ ಟೈರುಗಳು ಬಂದವು. ಜೀಪು ನಿಂತ ಭಂಗಿಯೇ ಬದಲಾಯಿತು. ಅಕ್ಕನಿಗೂ ಅದನ್ನು ಕಂಡು ಹೆಮ್ಮೆ. ನಾನೂ ಅದರ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಂಡೆನೆಂದು ಒಪ್ಪಿಕೊಳ್ಳಬೇಕು.

ಜುಲೈ ತಿಂಗಳಿನ ಒಂದು ಸಂಜೆ. ಗುಡ್ಡದಾಚೆಯ ಮನೆಯ ಅಜ್ಜಿಗೆ ಮೂರು ದಿನದಿಂದ ಜ್ವರ. ಅಂದು ಮಾತು ತೊದಲತೊಡಗಿತ್ತು. ಅಜ್ಜಿಯನ್ನು ನಾಲ್ವರು ಎತ್ತಿ ಜೀಪಿನಲ್ಲಿ ಮಲಗಿಸಿದರು. ರಜೆಗೆಂದು ಬಂದಿದ್ದ ನಾನು ಅವಳ ತಲೆಯ ಬಳಿ ಕೂತೆ. ಒಂದು ಹಳ್ಳದ ಅಡ್ಡಗುಂಡಿಯಲ್ಲಿ ಮುಂದಿನ ಎಡಚಕ್ರ ತಟ್ಟನೆ ಕೆಳಕ್ಕೆ ಜೋತಿತು. ಕೆಳಗೆಲ್ಲೋ 'ಟಕ್' ಎಂದು ಸಣ್ಣದೊಂದು ಸದ್ದು. ಯಾರೂ ಅದಕ್ಕೆ ಗಮನ ಕೊಡಲಿಲ್ಲ. ಏರು ಮುಗಿಯಿತು, ಇಳಿಜಾರು ಬಂತು. ಅಳಿಯ ಬ್ರೇಕು ತುಳಿದ. ಪೆಡಲು ನೆಲಕ್ಕೆ ತಾಗಿತು, ಜೀಪು ನಿಲ್ಲಲಿಲ್ಲ. ಇನ್ನೊಮ್ಮೆ ತುಳಿದ. ಅವನ ಮುಖವನ್ನು ಕನ್ನಡಿಯಲ್ಲಿ ನೋಡಿದ ನನಗೆ ಎಲ್ಲವೂ ತಿಳಿಯಿತು. ಬಲಗಡೆ ಪ್ರಪಾತ, ಎಡಗಡೆ ಮಣ್ಣಿನ ಧರೆ. ಕೆಳಗಿನ ಗೇರಿಗೆ ಹೇಗೋ ಹಾಕಿ, ಜೀಪಿನ ಎಡಮಗ್ಗುಲನ್ನು ಧರೆಗೆ ಉಜ್ಜುತ್ತ ಉಜ್ಜುತ್ತ ಅವನು ಅದನ್ನು ನಿಲ್ಲಿಸಿದ. ಮಡ್‌ಗಾರ್ಡು ಮುದ್ದೆಯಾಯಿತು, ನಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲ. ಆ ನಿಶ್ಶಬ್ದದಲ್ಲಿ ಅಜ್ಜಿ ಕಣ್ಣು ತೆರೆದು, "ದವಾಖಾನೆ ಬಂತೇ?" ಎಂದು ಕೇಳಿದಳು. ಹಿಂದೆ ಬಂದ ಇನ್ನೊಂದು ಗಾಡಿಯಲ್ಲಿ ಅವಳನ್ನು ಜೋಯಿಡಾಕ್ಕೆ ಕಳಿಸಿದೆವು. ಅವಳು ಗುಣವಾದಳು.

ಜೀಪನ್ನು ದಾಂಡೇಲಿಗೆ ಎಳೆಸಿಕೊಂಡು ಹೋದದ್ದು ಮೂರನೆಯ ದಿನ. ಅಲ್ಲಿ ಒಬ್ಬ ವೃದ್ಧ ಮಿಸ್ತ್ರಿ ಇದ್ದಾರೆ. ಊರಿಗೆಲ್ಲ ಅವರು ಚಾಚಾ. ಅವರು ಜೀಪಿನ ಕೆಳಗೆ ಮಲಗಿ, ಕೈದೀಪ ಹಿಡಿದು, ಐದು ನಿಮಿಷ ಮಾತಾಡಲಿಲ್ಲ. ಹೊರಗೆ ಬಂದವರು ಹರಿದ ಒಂದು ಗೇಣುದ್ದದ ರಬ್ಬರಿನ ಕೊಳವೆಯನ್ನು ನನ್ನ ಕೈಯಲ್ಲಿಟ್ಟರು. "ಗಾಡಿ ಎತ್ತೂದು ಒಂದ ದಿನದ ಕೆಲಸರೀ ಸರ. ಆದರ ಗಾಡಿ ಎತ್ಯಾರ ಅನ್ನೋದು ಉಳದ ಸಾಮಾನಿಗೂ ಗೊತ್ತಾಗಬೇಕಲ್ಲ?" ಎಂದರು.

ಆ ಮಾತಿನ ಅರ್ಥ ಬಿಡಿಸಿಕೊಳ್ಳಲು ನನಗೆ ಅವರ ಗ್ಯಾರೇಜಿನ ಬೆಂಚಿನ ಮೇಲೆ ಎರಡು ಮಧ್ಯಾಹ್ನಗಳು ಬೇಕಾದವು.

ಹಳೆಯ ಜೀಪಿನ ಒಡಲು ನಿಂತಿರುವುದು ಉಕ್ಕಿನ ಬಾಗಿದ ಪಟ್ಟಿಗಳ ಮೇಲೆ. ಒಂದರ ಮೇಲೊಂದು ಪೇರಿಸಿ, ನಡುವೆ ಬೋಲ್ಟು ಬಿಗಿದ ಈ ಪಟ್ಟಿಗಳ ಕಟ್ಟಿಗೆ ನಮ್ಮ ಕಡೆಯ ಹೆಸರು ಕಮಾನು ಪಾಟಾ. ಕಮಾನು ಪಾರಸಿಯ ಶಬ್ದ; ಬಿಲ್ಲು ಎಂದು ಅದರ ಅರ್ಥ. ಬಿಲ್ಲನ್ನು ಬಗ್ಗಿಸಿದರೆ ಅದು ಶಕ್ತಿಯನ್ನು ಹಿಡಿದಿಟ್ಟುಕೊಂಡು ಮತ್ತೆ ಕೊಡುವಂತೆಯೇ ಪಾಟಾ ಗುಂಡಿಯ ಪೆಟ್ಟನ್ನು ನುಂಗಿ ನಿಧಾನವಾಗಿ ಮರಳಿಸುತ್ತದೆ. ಲಂಡನ್ನಿನ ಸಾರೋಟು ತಯಾರಕ ಒಬಾಡಿಯಾ ಎಲಿಯಟ್ ಎಂಬಾತ 1804ರಲ್ಲಿ ಇಂಥ ಬಿಲ್ಲುಗಳಿಗೆ ಹಕ್ಕುಪತ್ರ ಪಡೆದನು. ನಮ್ಮ ಎತ್ತಿನ ಗಾಡಿಗೆ ಈ ಭಾಗ್ಯವಿರಲಿಲ್ಲ. ಅಚ್ಚಿನ ಮೇಲೆಯೇ ಒಡಲು ಕೂತಿದ್ದರಿಂದ ದಾರಿಯ ಪ್ರತಿಯೊಂದು ಕಲ್ಲಿನ ಸುದ್ದಿಯೂ ಕೂತವನ ಬೆನ್ನೆಲುಬಿಗೆ ನೇರವಾಗಿ ತಲುಪುತ್ತಿತ್ತು.

ಪಾಟಾದ ಒಂದು ತುದಿಯನ್ನು ಚಾಸಿಗೆ ಗೂಟದಂತೆ ನಿಲ್ಲಿಸಿರುತ್ತಾರೆ. ಇನ್ನೊಂದು ತುದಿ ಮಾತ್ರ ಓಲಾಡುವ ಒಂದು ಜೋಡಿ ಪಟ್ಟಿಯಲ್ಲಿ ತೂಗುತ್ತಿರುತ್ತದೆ. ಏಕೆಂದರೆ ಬಾಗಿದ ಬಿಲ್ಲು ನೆಟ್ಟಗಾದಾಗ ಉದ್ದವಾಗುತ್ತದೆ, ಆ ಉದ್ದಕ್ಕೆ ಎಡೆ ಬೇಕು. ಈ ಓಲಾಡುವ ಪಟ್ಟಿಯೇ ಶ್ಯಾಕಲ್. ಅಳಿಯನ ಗಾಡಿಗೆ ಇದನ್ನು ನಾಲ್ಕು ಅಂಗುಲ ಉದ್ದ ಮಾಡಿದ್ದರು. ನಾಲ್ಕು ಅಂಗುಲ ಎತ್ತರ ಸಿಕ್ಕಿತೇ? ಇಲ್ಲ, ಸಿಕ್ಕಿದ್ದು ಎರಡೇ. ಒಂದು ತುದಿ ಮಾತ್ರ ಏರಿ ಮತ್ತೊಂದು ಇದ್ದಲ್ಲಿಯೇ ಇದ್ದರೆ, ನಡುವಿನಲ್ಲಿ ಆಕ್ಸಲ್ ಕೂತ ಸ್ಥಳದ ಲೆಕ್ಕಕ್ಕೆ ಬರುವುದು ಅರ್ಧ. ಏತದ ಮರವನ್ನು ನೋಡಿದ ಯಾವ ರೈತನಿಗೂ ಇದು ತಿಳಿಯತಕ್ಕ ವಿಷಯ. ಅಷ್ಟಕ್ಕೇ ಮುಗಿಯಲಿಲ್ಲ. ಆ ಜೀಪಿನಲ್ಲಿ ಮುಂದಿನ ಶ್ಯಾಕಲ್ ಇರುವುದು ಪಾಟಾದ ಮುಂತುದಿಯಲ್ಲಿ. ಅದು ಉದ್ದವಾದಾಗ ಪಾಟಾ ಮುಂದಕ್ಕೆ ವಾಲಿತು. ಅದಕ್ಕೆ ಬಿಗಿದ ಆಕ್ಸಲ್ಲೂ ತಿರುಗಿತು. ಚಕ್ರ ತಿರುಗುವ ಕೀಲಿನ ಗೂಟ ಹಿಂದಕ್ಕೆ ಸ್ವಲ್ಪ ಓರೆಯಾಗಿರಬೇಕೆಂಬುದು ನಿಯಮ. ಸೈಕಲ್ಲಿನ ಮುಂದಿನ ಕವೆ ಓರೆಯಾಗಿರುವುದೂ ಇದಕ್ಕಾಗಿಯೇ. ಆ ಓರೆಯೇ ತಿರುವಿನ ನಂತರ ಚಕ್ರವನ್ನು ತಾನಾಗಿ ನೆಟ್ಟಗೆ ತರುತ್ತದೆ. ಗ್ಯಾರೇಜಿನವರು ಇದನ್ನು ಕ್ಯಾಸ್ಟರ್ ಎನ್ನುತ್ತಾರೆ. ಅದು ಕಡಿಮೆಯಾದ ದಿನದಿಂದ ಜೀಪು ಡಾಂಬರಿನ ಮೇಲೆ ಕುಡಿದವನಂತೆ ಅತ್ತಿತ್ತ ಅಲೆಯುತ್ತಿತ್ತು. ಅಳಿಯ ಅದನ್ನು ಹೊಸ ಟೈರಿನ ದೋಷವೆಂದೇ ತಿಳಿದಿದ್ದ. ಪಾಟಾಕ್ಕೂ ಆಕ್ಸಲ್ಲಿಗೂ ನಡುವೆ ಉಕ್ಕಿನ ಓರೆ ಬೆಣೆ ಇಟ್ಟಿದ್ದರೆ ಇದು ಸರಿಹೋಗುತ್ತಿತ್ತು.

ಎತ್ತರಿಸುವ ಬೇರೆ ಮಾರ್ಗಗಳೂ ಉಂಟು. ಪಾಟಾಕ್ಕೂ ಆಕ್ಸಲ್ಲಿಗೂ ನಡುವೆ ಉಕ್ಕಿನ ದಿಮ್ಮಿ ಇಡುವುದು ಎಲ್ಲಕ್ಕಿಂತ ಅಗ್ಗ. ಹಿಂದಿನ ಆಕ್ಸಲ್ಲಿಗೆ ಅದು ಹೇಗೋ ನಡೆದೀತು. ಮುಂದಿನದಕ್ಕೆ ಇಡಕೂಡದೆಂದು ಚಾಚಾ ಕಿವಿ ಹಿಡಿದುಕೊಂಡು ಹೇಳಿದರು. ಬ್ರೇಕು ಹಿಡಿದಾಗ ಮುಂದಿನ ಚಕ್ರದ ಮೇಲೆಯೇ ಹೆಚ್ಚಿನ ಭಾರ ಬೀಳುವುದರಿಂದ ದಿಮ್ಮಿ ತಿರುಚಿ ಸಡಿಲಾಗುವ ಭಯ. ಕಟ್ಟಿಗೆ ಇನ್ನೊಂದು ಪಟ್ಟಿಯನ್ನು ಸೇರಿಸಬಹುದು. ಎತ್ತರವೂ ಬರುತ್ತದೆ, ಭಾರ ಹೊರುವ ಶಕ್ತಿಯೂ ಬರುತ್ತದೆ, ಆದರೆ ಖಾಲಿ ಗಾಡಿಯಲ್ಲಿ ಕೂತವನಿಗೆ ಅದು ಮತ್ತೆ ಎತ್ತಿನ ಗಾಡಿಯೇ. ಆಕ್ಸಲ್ಲಿನ ಕೆಳಗಿರುವ ಪಾಟಾವನ್ನು ಅದರ ಮೇಲಕ್ಕೆ ತಂದು ಹೊಸ ಪೀಠ ಬೆಸೆಯುವವರೂ ಇದ್ದಾರೆ. ಇದರಿಂದ ಒಮ್ಮೆಗೇ ನಾಲ್ಕೈದು ಅಂಗುಲ ಸಿಕ್ಕುತ್ತದೆ. ಸಿಕ್ಕ ಅಷ್ಟೇ ತೊಂದರೆಗಳೂ ಬೆಸುಗೆಯೊಡನೆ ಬರುತ್ತವೆ. ಹೆಚ್ಚು ಬಾಗಿನ ಹೊಸ ಪಾಟಾವನ್ನೇ ತಂದು ಹಾಕುವುದು ದುಬಾರಿಯಾದರೂ ಮಾನವಾದ ದಾರಿ.

ಇಲ್ಲೊಂದು ಭ್ರಮೆಯ ಮಾತನ್ನೂ ಹೇಳಬೇಕು. ಜೀಪನ್ನು ಎತ್ತರಿಸಿದರೆ ಅದರ ಎಲ್ಲ ಭಾಗವೂ ನೆಲದಿಂದ ಮೇಲೇರುತ್ತದೆಂದು ನಾನೂ ತಿಳಿದಿದ್ದೆ. ಪಾಟಾದ ಎತ್ತರ ಏರಿಸುವುದು ಚಾಸಿಯನ್ನು, ಒಡಲನ್ನು. ಆಕ್ಸಲ್ಲಿನ ನಡುವೆ ಕುಂಬಳಕಾಯಿಯಂತೆ ಊದಿಕೊಂಡಿರುವ ಡಿಫರೆನ್ಷಿಯಲ್ಲಿನ ಗೂಡು ಮಾತ್ರ ಇದ್ದಲ್ಲಿಯೇ ಇರುತ್ತದೆ. ಅದನ್ನು ಮೇಲೆತ್ತಲು ದೊಡ್ಡ ಟೈರೊಂದೇ ಗತಿ, ಅದೂ ಅರ್ಧ ಲೆಕ್ಕದಲ್ಲಿ. 28 ಅಂಗುಲದ ಟೈರಿನ ಬದಲು 31 ಅಂಗುಲದ್ದನ್ನು ಹಾಕಿದರೆ ಗೂಡಿಗೆ ಸಿಕ್ಕುವುದು ಒಂದೂವರೆ ಅಂಗುಲ. ದಾರಿಯ ನಡುವಿನ ಕಲ್ಲಿಗೆ ಮೊದಲು ಬಡಿಯುವುದು ಹೆಚ್ಚಾಗಿ ಈ ಗೂಡೇ. ಜೊತೆಗೆ ದೊಡ್ಡ ಟೈರು ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ವೇಗದ ಮುಳ್ಳು 40 ಎಂದು ತೋರಿಸಿದಾಗ ಗಾಡಿ ನಿಜವಾಗಿ 44ರಲ್ಲಿ ಓಡುತ್ತಿರುತ್ತದೆ. ಸುಳ್ಳು ಹೇಳುವ ಮುಳ್ಳು, ಅದೂ ಕಡಿಮೆ ಮಾಡಿ ಹೇಳುವ ಮುಳ್ಳು!

ಇನ್ನು ನನ್ನ ಕೈಯಲ್ಲಿದ್ದ ಕೊಳವೆಯ ವಿಷಯ. ಬ್ರೇಕಿನ ಎಣ್ಣೆ ಚಾಸಿಯ ಮೇಲಿನ ಲೋಹದ ನಳಿಕೆಯಿಂದ ಕುಣಿದಾಡುವ ಆಕ್ಸಲ್ಲಿಗೆ ಹೋಗುವುದು ಈ ರಬ್ಬರಿನ ಕೊಳವೆಯ ಮೂಲಕ. ಕಾರಖಾನೆಯವರು ಅದರ ಉದ್ದವನ್ನು ಲೆಕ್ಕಹಾಕಿಯೇ ಇಟ್ಟಿರುತ್ತಾರೆ: ಚಕ್ರ ಎಷ್ಟು ಜೋತರೂ ಅದು ಎಳೆಯಬಾರದು. ಚಾಸಿ ಎರಡು ಅಂಗುಲ ಏರಿದಾಗ ಆ ಲೆಕ್ಕದಲ್ಲಿದ್ದ ಸಡಿಲೆಲ್ಲ ಕರಗಿಹೋಯಿತು. ಸಮನೆಲದಲ್ಲಿ ಏನೂ ಕಾಣದು. ಅಡ್ಡಗುಂಡಿಯಲ್ಲಿ ಚಕ್ರ ಜೋತಾಗ ಮಾತ್ರ ಕೊಳವೆ ವೀಣೆಯ ತಂತಿಯಂತೆ ಬಿಗಿಯುತ್ತದೆ. ಅಂಥ ನೂರು ಗುಂಡಿಗಳನ್ನು ಅದು ಸಹಿಸಿತ್ತು. ನೂರಾಒಂದನೆಯದರಲ್ಲಿ, ಅಜ್ಜಿ ಮಲಗಿದ್ದಾಗ, ಹರಿಯಿತು. ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಒಂದೇ ಎಣ್ಣೆಯ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆ. ಕೆಲವು ಅಂಗುಲ ಹೆಚ್ಚು ಉದ್ದದ ಕೊಳವೆಗಳನ್ನು ಹಾಕಿದ್ದರೆ ಸಾಕಾಗುತ್ತಿತ್ತು. ಶ್ಯಾಕಲ್ಲಿಗೂ ಟೈರಿಗೂ ಕೊಟ್ಟ ಹಣದ ಮುಂದೆ ಅದರ ಬೆಲೆ ಲೆಕ್ಕಕ್ಕೇ ಇಲ್ಲ.

ಶಾಕ್ ಅಬ್ಸಾರ್ಬರನ್ನೂ ಬದಲಾಯಿಸಿರಲಿಲ್ಲ. ಪಾಟಾ ಒಮ್ಮೆ ಕುಣಿದರೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಎಣ್ಣೆಯ ತಡೆಯಿಂದ ಹತ್ತಿಕ್ಕುವುದು ಈ ಕೊಳವೆಯಾಕಾರದ ಸಾಧನದ ಕೆಲಸ. ಎತ್ತರಿಸಿದ ಗಾಡಿಗೆ ಹಳೆಯ ಗಿಡ್ಡನೆಯದು ಉಳಿದರೆ, ಚಕ್ರ ಜೋತಾಗಲೆಲ್ಲ ಅದು ಪೂರ್ತಿ ಎಳೆದುಕೊಂಡು ಆಕ್ಸಲ್ಲಿನ ಭಾರವನ್ನು ತಾನೇ ಹಿಡಿದು ನೇತಾಡಿಸುತ್ತದೆ. ಅದು ಮಾಡತಕ್ಕ ಕೆಲಸವಲ್ಲ ಅದು. ಅಳಿಯನ ಗಾಡಿಯಲ್ಲಿ ಒಂದರ ಕಿವಿ ಆಗಲೇ ಕಿತ್ತುಬಂದಿತ್ತು. ಹಾಗೆಂದು ಕಣ್ಣುಮುಚ್ಚಿ ಉದ್ದದ್ದನ್ನು ತಂದರೆ ಪಾಟಾ ಒತ್ತಿದಾಗ ಅದು ತಳ ಮುಟ್ಟಿ ಒಡೆಯುತ್ತದೆ. ಪೂರ್ತಿ ಎಳೆದಾಗಿನ ಉದ್ದ, ಪೂರ್ತಿ ಒತ್ತಿದಾಗಿನ ಉದ್ದ, ಎರಡನ್ನೂ ಗಾಡಿಯ ಮೇಲೆಯೇ ಅಳೆದು ತರಬೇಕು. ಒತ್ತುವಿಕೆಗೆ ಗಡಿ ಹಾಕುವ ರಬ್ಬರಿನ ದಿಂಬುಗಳನ್ನೂ ಅದಕ್ಕೆ ತಕ್ಕಂತೆ ಕೆಳಗಿಳಿಸಬೇಕು.

ಇಂಜಿನಿನ ಶಕ್ತಿಯನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲರ್ ಶಾಫ್ಟಿನ ಕಥೆ ಇನ್ನೂ ಸೂಕ್ಷ್ಮ. ಅದರ ಎರಡು ತುದಿಯಲ್ಲಿಯೂ ಶಿಲುಬೆಯಾಕಾರದ ಕೀಲುಗಳಿವೆ. 17ನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯ ಹೆಸರನ್ನು ಈ ಕೀಲಿಗೆ ಇಟ್ಟಿದ್ದಾರೆ. ಇದಕ್ಕೊಂದು ವಿಚಿತ್ರ ಗುಣವುಂಟು. ಓರೆಯಾಗಿ ತಿರುಗುವಾಗ ಒಂದು ಕಡೆ ಸಮವೇಗದಲ್ಲಿ ತಿರುಗಿದರೂ ಇನ್ನೊಂದು ಕಡೆ ಪ್ರತಿ ಸುತ್ತಿನಲ್ಲಿ ಎರಡು ಸಲ ಅವಸರಿಸಿ ಎರಡು ಸಲ ತಡೆಯುತ್ತದೆ. ಒಂದು ಕೀಲಿನ ಈ ಚಾಪಲ್ಯವನ್ನು ಇನ್ನೊಂದು ಕೀಲು ಸರಿದೂಗಿಸಬೇಕಾದರೆ ಎರಡರ ಓರೆಯೂ ಸಮನಾಗಿರಬೇಕು. ಆಕ್ಸಲ್ ತಿರುಗಿಹೋದರೆ ಈ ಸಮತೆ ಕೆಡುತ್ತದೆ. ಗಾಡಿ ನಡುಗತೊಡಗುತ್ತದೆ, ಕೀಲು ಬೇಗ ಸವೆಯುತ್ತದೆ. ಹಳೆಯ ಗಿಡ್ಡ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 80 ಅಂಗುಲ ಮಾತ್ರ. ಹಿಂದಿನ ಶಾಫ್ಟು ಅಷ್ಟೇ ಗಿಡ್ಡ. ಗಿಡ್ಡ ಏಣಿಯನ್ನು ಅದೇ ಗೋಡೆಗೆ ಒರಗಿಸಿದರೆ ಹೆಚ್ಚು ಕಡಿದಾಗುವುದಿಲ್ಲವೇ? ಅದೇ ಲೆಕ್ಕ ಇಲ್ಲಿಯೂ.

ಉರುಳುವ ಭಯವನ್ನು ಚಾಚಾ ಹೇಳಲಿಲ್ಲ. ಅದನ್ನು ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರು ಕಾಗದದ ಮೇಲೆ ಗೀಚಿ ತೋರಿಸಿದರು. ಎಡಬಲದ ಚಕ್ರಗಳ ನಡುವಿನ ದೂರ 1230 ಮಿಲಿಮೀಟರು, ಗುರುತ್ವಕೇಂದ್ರದ ಎತ್ತರ 610 ಎಂದು ಹಿಡಿಯೋಣ. ಅಂಥ ಗಾಡಿ ಸುಮಾರು 45 ಡಿಗ್ರಿ ಓರೆಯಾಗುವವರೆಗೆ ಉರುಳದು. ಕೇಂದ್ರ 75 ಮಿಲಿಮೀಟರು, ಅಂದರೆ ನಮ್ಮ ಮೂರು ಅಂಗುಲ, ಮೇಲೇರಿದರೆ ಆ ಗಡಿ 42ಕ್ಕೆ ಇಳಿಯುತ್ತದೆ. ಮೂರು ಡಿಗ್ರಿ ಎಂದರೆ ಏನು ಮಹಾ ಎಂದೆ. "ನಿಂತ ಗಾಡಿಗೆ ಏನೂ ಅಲ್ಲ. ತಿರುವಿನಲ್ಲಿ ಓಡುವ, ಪಾಟಾದ ಮೇಲೆ ತೂಗುವ, ಹಿಂದೆ ಹತ್ತು ಜನ ನಿಂತ ಗಾಡಿಗೆ ಲೆಕ್ಕ ಹಾಕಿ" ಎಂದರು. ನಾನು ಹಾಕಲಿಲ್ಲ. ಗಣಿತದಲ್ಲಿ ನನ್ನ ಶಕ್ತಿ ನನಗೆ ಗೊತ್ತು.

ಕಾನೂನೂ ಈ ಎತ್ತರದ ಕಡೆಗೆ ಒಲವು ತೋರುವುದಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಇದನ್ನು ಅಳಿಯನಿಗೆ ಹೇಳಿದಾಗ ಅವನು ಸಿಟ್ಟಿಗೆದ್ದ. "ಕಾಯಿದೆ ಬರೆದವರು ನಮ್ಮ ದಾರಿಯಲ್ಲಿ ಒಮ್ಮೆ ಬರಲಿ ಮಾಮಾ, ಆಮೇಲೆ ಮಾತಾಡೋಣ" ಎಂದ. ಅವನ ಸಿಟ್ಟಿನಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ದಾರಿಯನ್ನು ಎತ್ತರಿಸಬೇಕಾದಲ್ಲಿ ಗಾಡಿಯನ್ನು ಎತ್ತರಿಸಬೇಕಾಗಿ ಬಂದವನು ಅವನು. ಆದರೆ ಹರಿದ ಕೊಳವೆ ನನ್ನ ಚೀಲದಲ್ಲಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟೆ. ಅವನು ಸುಮ್ಮನಾದ.

ಪರಿಹಾರವನ್ನು ಸೂಚಿಸಿದವರು ಮಿಸ್ತ್ರಿಯೇ. ಅವರು ಹಳೆಯ ಪಾಟಾವನ್ನು ಬಿಚ್ಚಿ, ಹೊಸದೊಂದರ ಪಕ್ಕದಲ್ಲಿ ನೆಲದ ಮೇಲಿಟ್ಟು, ನಡುವಿಗೆ ದಾರ ಹಿಡಿದು ಅಳೆದು ತೋರಿಸಿದರು. ಹಳೆಯದರ ಬಾಗು ಒಂದೂವರೆ ಅಂಗುಲಕ್ಕಿಂತಲೂ ಹೆಚ್ಚು ಕುಸಿದಿತ್ತು. ವರ್ಷಗಟ್ಟಲೆ ಅಡಿಕೆಯ ಚೀಲ ಹೊತ್ತು ಬಿಲ್ಲು ತನ್ನ ಬಾಗನ್ನೇ ಮರೆತಿತ್ತು. "ಪಾಟಾ ಕೂತಾವ್ರೀ. ನಿಮ್ಮ ಹುಡುಗ ಹುಡಕೂ ಎತ್ತರದಾಗ ಅರ್ಧ ಕಂಪನಿಯವ್ರೇ ಕೊಟ್ಟಿದ್ರು. ಇವ್ನ ಕಳಕೊಂಡಾನ" ಎಂದರು.

ಕಳೆದುಕೊಂಡ ಎತ್ತರವನ್ನೇ ಹಿಂದಕ್ಕೆ ಪಡೆಯುವುದೆಂದು ನಿಶ್ಚಯವಾಯಿತು. ಉದ್ದದ ಶ್ಯಾಕಲ್ಲುಗಳು ಗುಜರಿಗೆ ಹೋದವು. ದೊಡ್ಡ ಟೈರುಗಳನ್ನು ಅರ್ಧ ಬೆಲೆಗೆ ಮಾರಿದ. ಆ ದಿನ ಅವನು ಊಟ ಮಾಡಲಿಲ್ಲವೆಂದು ಅಕ್ಕ ಹೇಳಿದಳು. ಮೂಲದ ಅಳತೆಯ ಹೊಸ ಪಾಟಾ, ಹೊಸ ಬುಷ್ಷು, ಹೊಸ ಯು-ಬೋಲ್ಟು, ಹೊಸ ಶಾಕ್ ಅಬ್ಸಾರ್ಬರು, ಹೊಸ ರಬ್ಬರು ದಿಂಬು, ನಾಲ್ಕೂ ಕಡೆಗೆ ಹೊಸ ಬ್ರೇಕ್ ಕೊಳವೆ ಬಂದವು. ಬಿಚ್ಚಿದ ಯು-ಬೋಲ್ಟನ್ನು ಮತ್ತೆ ಬಿಗಿಯಲು ಚಾಚಾ ಒಪ್ಪಲಿಲ್ಲ. ಒಮ್ಮೆ ಬಿಗಿದು ಎಳೆದುಕೊಂಡ ಉಕ್ಕು ಎರಡನೆಯ ಸಲ ಹಿಡಿತ ಕೊಡದು ಎಂಬುದು ಅವರ ನಂಬಿಕೆ. ಓಡಿಸಿದ ಮೇಲೆ ಅವು ಕೂತು ಸಡಿಲಾಗುವುದರಿಂದ ಹದಿನೈದು ದಿನದ ನಂತರ ಬಂದು ಇನ್ನೊಮ್ಮೆ ಬಿಗಿಸಿಕೊಳ್ಳಬೇಕೆಂದು ಅಳಿಯನಿಂದ ಮಾತು ತೆಗೆದುಕೊಂಡರು. ಕೊನೆಯಲ್ಲಿ ಒಂದೊಂದೇ ಚಕ್ರವನ್ನು ಜ್ಯಾಕಿನಿಂದ ಎತ್ತಿ, ಇನ್ನೊಂದನ್ನು ಜೋತುಬಿಟ್ಟು, ಸ್ಟಿಯರಿಂಗನ್ನು ಎರಡು ಕೊನೆಗೂ ತಿರುಗಿಸಿ, ಕೊಳವೆಗಳು ಎಲ್ಲಿಯಾದರೂ ಎಳೆಯುತ್ತವೆಯೋ ಉಜ್ಜುತ್ತವೆಯೋ ಎಂದು ಬೆರಳಿನಿಂದ ಮುಟ್ಟಿ ನೋಡಿದರು. ಆ ಪರೀಕ್ಷೆಗೆ ಹಿಡಿದದ್ದು ಅರ್ಧ ಗಂಟೆ. ಮೊದಲ ಗ್ಯಾರೇಜಿನವರು ಉಳಿಸಿದ್ದು ಆ ಅರ್ಧ ಗಂಟೆಯನ್ನೇ.

ಜೀಪು ಈಗ ಮೂರು ಅಂಗುಲ ಎತ್ತರವಿಲ್ಲ. ಮೊದಲಿಗಿಂತ ಒಂದೂವರೆ ಅಂಗುಲ ಎತ್ತರವಿದೆ. ಹೊಟ್ಟೆ ಏರಿಯ ಮೇಲೆ ಇನ್ನೂ ಒಮ್ಮೊಮ್ಮೆ ಕೂರುತ್ತದೆ. ಅದಕ್ಕಾಗಿ ಹಿಂದುಗಡೆ ಒಂದು ಸಲಿಕೆ, ಒಂದು ಹಗ್ಗ, ಎರಡು ಹಲಗೆ ಇಟ್ಟುಕೊಂಡಿದ್ದಾನೆ. ದಾರಿಯ ಆ ಅಡ್ಡಗುಂಡಿಗೆ ಊರವರೇ ಸೇರಿ ಕಲ್ಲು ತುಂಬಿದ್ದಾರೆ. ಮಳೆ ಅದನ್ನು ಎಷ್ಟು ದಿನ ಉಳಿಸುತ್ತದೋ.

ದೀಪಾವಳಿಗೆ ಹೋದಾಗ ಅಜ್ಜಿಯನ್ನು ಕಾಣಲು ಹೋಗಿದ್ದೆ. ಜೋಯಿಡಾದ ಡಾಕ್ಟರಿಗೆ ಮತ್ತೊಮ್ಮೆ ತೋರಿಸಬೇಕಾಗಿತ್ತು. ಅಳಿಯ ಜೀಪನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಪಾಟಾದ ಮಹಿಮೆಯನ್ನೆಲ್ಲ ಅವಳಿಗೆ ವರ್ಣಿಸತೊಡಗಿದ. ಅಜ್ಜಿ ಒಂದು ಕಾಲನ್ನು ಎತ್ತಿ ನೋಡಿದಳು, ಮೆಟ್ಟಿಲು ಎಟುಕಲಿಲ್ಲ. "ಅಂದು ನನಗೆ ಎಚ್ಚರವಿರಲಿಲ್ಲ, ನೀವೇ ಎತ್ತಿ ಹಾಕಿದಿರಿ. ಎಚ್ಚರವಿದ್ದವಳು ಇದನ್ನು ಹತ್ತುವುದು ಹೇಗೋ ಮಗಾ?" ಎಂದಳು. ಅಳಿಯ ಒಳಗೆ ಹೋಗಿ ಊಟಕ್ಕೆ ಕೂರುವ ಮಣೆಗಳಲ್ಲಿ ಎರಡನ್ನು ತಂದು ಒಂದರ ಮೇಲೊಂದಿಟ್ಟ. ಅವಳು ಅವನ ಭುಜ ಹಿಡಿದು ಹತ್ತಿ ಕೂತಳು. ಮಣೆಗಳನ್ನೂ ಜೀಪಿನೊಳಗೆ ಇಟ್ಟುಕೊಂಡೆವು, ಜೋಯಿಡಾದಲ್ಲಿ ಇಳಿಯಬೇಕಲ್ಲ.